ಒಂದೇ ಥರದ ಲೋಹಗಳನ್ನು ಬೇರ್ಪಡಿಸುವುದು ಹೇಗೆ? ರೆಸಿನ್ ಮಣಿಗಳು ಮಾಡುವ ಕೆಲಸ

2025ರ ಏಪ್ರಿಲ್ 4ರಂದು ಚೀನಾ ಏಳು ಲೋಹಗಳ ರಫ್ತಿಗೆ ಲೈಸೆನ್ಸ್ ಕಡ್ಡಾಯ ಮಾಡಿತು. ಸಮೇರಿಯಂ, ಗ್ಯಾಡೊಲಿನಿಯಂ, ಟರ್ಬಿಯಂ, ಡಿಸ್ಪ್ರೋಸಿಯಂ, ಲುಟೇಶಿಯಂ, ಸ್ಕ್ಯಾಂಡಿಯಂ, ಇಟ್ರಿಯಂ. ವಿರಳ ಭೂಲೋಹಗಳು ಎಂಬ ಗುಂಪಿನ, ಹೆಚ್ಚಿನವರು ಹೆಸರೂ ಕೇಳಿರದ ಲೋಹಗಳಿವು. ಆದರೂ ಕೆಲವೇ ವಾರಗಳಲ್ಲಿ ಹಲವು ದೇಶಗಳ ಕಾರು ಕಂಪನಿಗಳು ಮ್ಯಾಗ್ನೆಟ್ ಸಿಗದೆ ಪರದಾಡಿದವು. ಎಲೆಕ್ಟ್ರಿಕ್ ಕಾರಿನ ಮೋಟಾರು ಬಿಸಿಯಾದಾಗಲೂ ಅದರ ಮ್ಯಾಗ್ನೆಟ್ ಶಕ್ತಿ ಕಳೆದುಕೊಳ್ಳಬಾರದು. ಅದಕ್ಕೆಂದೇ ಸ್ವಲ್ಪ ಡಿಸ್ಪ್ರೋಸಿಯಂ ಅಥವಾ ಟರ್ಬಿಯಂ ಬೆರೆಸುತ್ತಾರೆ.

ಸುದ್ದಿ ಓದಿದವರಿಗೆ ಒಂದು ಪ್ರಶ್ನೆ ಬಂದೇ ಬರುತ್ತದೆ. ಅದಿರು ಬೇರೆ ಕಡೆಯೂ ಇದೆ ಅಲ್ವಾ? ಇದೆ. ಕ್ಯಾಲಿಫೋರ್ನಿಯಾದ ಮೌಂಟನ್ ಪಾಸ್‌ನಲ್ಲಿದೆ, ಆಸ್ಟ್ರೇಲಿಯಾದ ಮೌಂಟ್ ವೆಲ್ಡ್‌ನಲ್ಲಿದೆ. ಈ ಗುಂಪಿನ ಸೀರಿಯಂ ಅಂತೂ ಭೂಮಿಯ ಹೊರಪದರದಲ್ಲಿ ಹೆಚ್ಚುಕಡಿಮೆ ತಾಮ್ರದಷ್ಟೇ ಸಿಗುತ್ತದೆ. ತೊಡಕಿರುವುದು ಅಗೆದ ಮೇಲೆ. ಅದಿರಿನಲ್ಲಿ ಹತ್ತಾರು ಲೋಹಗಳು ಒಟ್ಟೊಟ್ಟಿಗೆ ಬೆರೆತಿರುತ್ತವೆ, ಒಂದರಿಂದ ಇನ್ನೊಂದನ್ನು ಬಿಡಿಸುವುದೇ ದೊಡ್ಡ ಕೆಲಸ. ಮೌಂಟನ್ ಪಾಸ್‌ನಲ್ಲಿ ತೆಗೆದ ಅದಿರನ್ನು ಕೂಡ ಬೇರ್ಪಡಿಸಲು ವರ್ಷಗಟ್ಟಲೆ ಚೀನಾಕ್ಕೇ ಕಳಿಸುತ್ತಿದ್ದರು.

ಈ ಬಿಡಿಸುವ ಕೆಲಸಕ್ಕೆ ಇಪ್ಪತ್ತನೇ ಶತಮಾನದಲ್ಲಿ ಸಿಕ್ಕ ಉಪಾಯಗಳಲ್ಲಿ ನನಗೆ ಅತ್ಯಂತ ಚೆಂದವೆನಿಸುವುದು ಅಯಾನು ವಿನಿಮಯ. ಗಾಜಿನ ಕೊಳವೆಯಲ್ಲಿ ಪ್ಲಾಸ್ಟಿಕ್‌ನ ಸಣ್ಣ ಮಣಿಗಳನ್ನು ತುಂಬಿ, ಮೇಲಿನಿಂದ ದ್ರವ ಹರಿಸುವುದು. ನೋಡಲು ಇಷ್ಟೇ. ಆದರೆ ಇದೇ ಉಪಾಯದಿಂದ ಆವರ್ತ ಕೋಷ್ಟಕದ ಹಲವು ಖಾಲಿ ಮನೆಗಳು ತುಂಬಿದವು. ಕ್ಯಾನ್ಸರ್ ಚಿಕಿತ್ಸೆಯ ಒಂದು ಔಷಧಿಯ ತಯಾರಿಕೆಯಲ್ಲೂ ಇವತ್ತು ಇದೇ ಉಪಾಯ ಬಳಕೆಯಲ್ಲಿದೆ.

ಇವು ಇಷ್ಟೊಂದು ಹೋಲುವುದು ಯಾಕೆ?

ವಿರಳ ಭೂಲೋಹಗಳು ಒಟ್ಟು 17. ಅದರಲ್ಲಿ 15 ಲ್ಯಾಂಥನೈಡ್‌ಗಳು: 57ನೇ ಧಾತು ಲ್ಯಾಂಥನಂನಿಂದ 71ನೇ ಧಾತು ಲುಟೇಶಿಯಂವರೆಗೆ. ಉಳಿದ ಎರಡು, ಸ್ಕ್ಯಾಂಡಿಯಂ ಮತ್ತು ಇಟ್ರಿಯಂ, ಗುಣದಲ್ಲಿ ಇವುಗಳಂತೆಯೇ ಇರುವುದರಿಂದ ಜೊತೆಗೆ ಸೇರಿಕೊಂಡಿವೆ.

ಸಾಮಾನ್ಯವಾಗಿ ಒಂದು ಧಾತುವಿನಿಂದ ಮುಂದಿನದಕ್ಕೆ ಹೋದರೆ ಗುಣವೇ ಬದಲಾಗುತ್ತದೆ. ಸೋಡಿಯಂ ನೀರಿಗೆ ಬಿದ್ದರೆ ಹೊತ್ತಿಕೊಳ್ಳಬಹುದು, ಅದರ ಪಕ್ಕದ ಮೆಗ್ನೀಸಿಯಂ ತಣ್ಣೀರಿನಲ್ಲಿ ಸುಮ್ನೆ ಇರುತ್ತದೆ. ಯಾಕೆಂದರೆ ಹೊಸದಾಗಿ ಸೇರುವ ಎಲೆಕ್ಟ್ರಾನ್ ಪರಮಾಣುವಿನ ಹೊರಗಿನ ಪದರದಲ್ಲಿ ಕೂರುತ್ತದೆ. ರಸಾಯನಶಾಸ್ತ್ರದ ವ್ಯವಹಾರವೆಲ್ಲ ನಡೆಯುವುದು ಆ ಹೊರಪದರದಲ್ಲೇ. ಲ್ಯಾಂಥನೈಡ್‌ಗಳಲ್ಲಿ ಹಾಗಲ್ಲ. ಹೊಸ ಎಲೆಕ್ಟ್ರಾನ್‌ಗಳು ಒಳಗಿನ ಪದರವೊಂದರಲ್ಲಿ ಸೇರಿಕೊಳ್ಳುತ್ತವೆ. ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ ಥರ. ನೀರಿನಲ್ಲಿ ಕರಗಿದಾಗ ಬಹುತೇಕ ಎಲ್ಲವೂ ಮೂರು ಎಲೆಕ್ಟ್ರಾನ್ ಬಿಟ್ಟುಕೊಟ್ಟು, ಮೂರು ಧನ ಆವೇಶದ ಅಯಾನುಗಳಾಗುತ್ತವೆ. ಅಯಾನು ಎಂದರೆ ವಿದ್ಯುತ್ ಆವೇಶ ಇರುವ ಪರಮಾಣು ಅಥವಾ ಪರಮಾಣುಗಳ ಗುಂಪು, ಅಷ್ಟೇ.

ಉಳಿಯುವುದು ಒಂದೇ ಒಂದು ವ್ಯತ್ಯಾಸ, ಗಾತ್ರ. ಒಳಪದರದ ಎಲೆಕ್ಟ್ರಾನ್‌ಗಳು ನ್ಯೂಕ್ಲಿಯಸ್‌ನ ಸೆಳೆತವನ್ನು ಪೂರ್ತಿ ತಡೆಯಲಾರವು. ಹಾಗಾಗಿ ಒಂದೊಂದು ಹೆಜ್ಜೆ ಮುಂದೆ ಹೋದಂತೆ ಇಡೀ ಅಯಾನು ಒಂಚೂರು ಕುಗ್ಗುತ್ತದೆ. ಲ್ಯಾಂಥನಂ ಅಯಾನಿನ ತ್ರಿಜ್ಯ ಸುಮಾರು 103 ಪಿಕೋಮೀಟರ್, ಲುಟೇಶಿಯಂನದು ಸುಮಾರು 86. ಪಿಕೋಮೀಟರ್ ಎಂದರೆ ಒಂದು ಮೀಟರಿನ ಲಕ್ಷ ಕೋಟಿಯಲ್ಲಿ ಒಂದು ಪಾಲು. 14 ಹೆಜ್ಜೆಗಳಲ್ಲಿ 17 ಪಿಕೋಮೀಟರ್ ಕುಗ್ಗಿದರೆ, ಅಕ್ಕಪಕ್ಕದ ಎರಡು ಲೋಹಗಳ ನಡುವೆ ಬರುವ ವ್ಯತ್ಯಾಸ ಒಂದು ಪಿಕೋಮೀಟರಿಗಿಂತ ಚೂರು ಜಾಸ್ತಿ. ಶೇಕಡಾ ಒಂದರಷ್ಟು. ಬೇರ್ಪಡಿಸುವವರ ಕೈಯಲ್ಲಿರುವ ಬಂಡವಾಳ ಇಷ್ಟೇ.

ಒಂದೆರಡು ಅಪವಾದಗಳಿವೆ. ಸೀರಿಯಂ ನಾಲ್ಕನೇ ಎಲೆಕ್ಟ್ರಾನನ್ನೂ ಬಿಟ್ಟುಕೊಡಬಲ್ಲದು. ಯುರೋಪಿಯಂ ಎರಡಕ್ಕೇ ನಿಲ್ಲಬಲ್ಲದು. ಹಾಗಾಗಿ ಇವೆರಡನ್ನು ಸಾಧಾರಣ ರಸಾಯನ ಕ್ರಿಯೆಗಳಿಂದಲೇ ಹೊರಗೆಳೆಯಬಹುದು. ಉಳಿದವು ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ.

ರೆಸಿನ್ ಬರುವ ಮುಂಚೆ

1794ರಲ್ಲಿ ಯೋಹಾನ್ ಗ್ಯಾಡೊಲಿನ್ ಸ್ವೀಡನ್ನಿನ ಇಟರ್ಬಿ ಹಳ್ಳಿಯ ಕಪ್ಪು ಕಲ್ಲೊಂದನ್ನು ಪರೀಕ್ಷಿಸಿ, ಅದರಲ್ಲಿ ಹೊಸ ಪದಾರ್ಥ ಇದೆ ಎಂದು ತೋರಿಸಿದರು. ಅಲ್ಲಿಂದ ಶುರುವಾದ ಬಿಡಿಸುವ ಕೆಲಸ ನೂರು ವರ್ಷ ದಾಟಿದರೂ ಮುಗಿಯಲಿಲ್ಲ. ಒಬ್ಬರು ಶುದ್ಧ ಧಾತು ಅಂತ ಹೆಸರಿಟ್ಟದ್ದನ್ನು ಇನ್ನೊಬ್ಬರು ಒಡೆದು ಎರಡು ಮಾಡುತ್ತಿದ್ದರು. 1840ರ ದಶಕದ ಶುರುವಿನಲ್ಲಿ ಮೊಸಾಂಡರ್ ಗುರುತಿಸಿದ ಡಿಡಿಮಿಯಂ ಹಾಗೇ ಆಯಿತು. 1885ರಲ್ಲಿ ಆಯರ್ ಫಾನ್ ವೆಲ್ಸ್‌ಬಾಖ್ ಅದನ್ನು ಪ್ರೇಸಿಯೊಡಿಮಿಯಂ ಮತ್ತು ನಿಯೊಡಿಮಿಯಂ ಎಂದು ಬೇರೆ ಮಾಡಿದರು.

ಆಗ ಇದ್ದ ಮುಖ್ಯ ದಾರಿ ಹರಳುಗಟ್ಟಿಸುವುದು. ಲವಣವನ್ನು ಬಿಸಿ ನೀರಿನಲ್ಲಿ ಕರಗಿಸಿ ಆರಲು ಬಿಟ್ಟರೆ ಕರಗುವ ಗುಣ ಕಡಿಮೆ ಇರುವ ಲೋಹ ಚೂರು ಜಾಸ್ತಿ ಹರಳಿಗೆ ಬರುತ್ತದೆ. ಇನ್ನೊಂದು ಚೂರು ಜಾಸ್ತಿ ನೀರಿನಲ್ಲೇ ಉಳಿಯುತ್ತದೆ. ಆ ಹರಳನ್ನು ಮತ್ತೆ ಕರಗಿಸಬೇಕು, ಮತ್ತೆ ಆರಿಸಬೇಕು. ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಚಾರ್ಲ್ಸ್ ಜೇಮ್ಸ್ 1911ರಲ್ಲಿ ಶುದ್ಧ ಥುಲಿಯಂ ಪಡೆದರು. ಅದಕ್ಕಾಗಿ ಮಾಡಿದ ಹರಳುಗಟ್ಟಿಸುವಿಕೆ ಸುಮಾರು 15,000 ಸಲ. ಈ ಸಂಖ್ಯೆಯ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು ಅನಿಸುತ್ತದೆ. ಪ್ರತಿ ಸಲವೂ ಸಿಗುವ ಲಾಭ ಅತಿ ಸಣ್ಣದು. ಆ ಸಣ್ಣ ಲಾಭವನ್ನು ಕೈಯಾರೆ, ಒಂದೊಂದೇ ಸಲ, ಕೂಡಿಸುತ್ತಾ ಹೋಗಿದ್ದಾರೆ.

ಆಮೇಲೆ ಬಂದ ರೆಸಿನ್ ಕೂಡ ಇದನ್ನೇ ಮಾಡುತ್ತದೆ. ಸಣ್ಣ ಲಾಭವನ್ನು ಸಾವಿರಾರು ಸಲ ಕೂಡಿಸುತ್ತದೆ. ಆದರೆ ಕೈ ಹಾಕಬೇಕಾಗಿಲ್ಲ, ದ್ರವ ಹರಿಯುತ್ತಿದ್ದರೆ ಸಾಕು.

ಮಣಿಯೊಳಗೆ ಏನಿದೆ?

ಗಡಸು ನೀರನ್ನು ಮೆದು ಮಾಡುವ ಸಾಫ್ಟನರ್ ಯಂತ್ರದೊಳಗೆ ಹಳದಿ ಅಥವಾ ಕಂದು ಬಣ್ಣದ ಸಣ್ಣ ಮಣಿಗಳಿರುತ್ತವೆ. ಅದೇ ಅಯಾನು ವಿನಿಮಯ ರೆಸಿನ್. ಬೇರ್ಪಡಿಸುವ ಪ್ರಯೋಗಾಲಯದಲ್ಲಿ ಇರುವುದೂ ಅದೇ ಜಾತಿಯದು, ಇನ್ನಷ್ಟು ಸಣ್ಣ ಮತ್ತು ಒಂದೇ ಗಾತ್ರದ ಮಣಿಗಳು.

ಮಣಿಯ ಮೈ ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್. ಅದರ ಉದ್ದುದ್ದ ಸರಪಳಿಗಳನ್ನು ಡೈವಿನೈಲ್‌ಬೆಂಜೀನ್ ಎಂಬ ಇನ್ನೊಂದು ಪದಾರ್ಥದಿಂದ ಅಲ್ಲಲ್ಲಿ ಕಟ್ಟಿರುತ್ತಾರೆ. ಹಾಗಾಗಿ ನೀರಿಗೆ ಹಾಕಿದರೆ ಮಣಿ ಉಬ್ಬುತ್ತದೆಯೇ ಹೊರತು ಕರಗುವುದಿಲ್ಲ. ಈ ಸರಪಳಿಗಳ ಮೇಲೆಲ್ಲ ಸಲ್ಫೋನಿಕ್ ಗುಂಪುಗಳನ್ನು ಅಂಟಿಸಿರುತ್ತಾರೆ. ಪ್ರತಿ ಗುಂಪಿಗೂ ಒಂದು ಋಣ ಆವೇಶ. ಅದು ಪ್ಲಾಸ್ಟಿಕ್ಕಿಗೆ ಅಂಟಿದ್ದು, ಎಲ್ಲಿಗೂ ಹೋಗಲಾರದು. ಆದರೆ ಅದನ್ನು ಸರಿದೂಗಿಸಲು ಪಕ್ಕದಲ್ಲಿ ಒಂದು ಧನ ಅಯಾನು ಇರಲೇಬೇಕು. ಈ ಧನ ಅಯಾನು ಪ್ಲಾಸ್ಟಿಕ್ಕಿಗೆ ಅಂಟಿಕೊಂಡಿಲ್ಲ. ಇನ್ನೊಂದು ಧನ ಅಯಾನು ಬಂದರೆ ಜಾಗ ಬಿಟ್ಟು ಹೊರಡಬಹುದು. ಸಾಫ್ಟನರ್‌ನಲ್ಲಿ ಸೋಡಿಯಂ ಜಾಗ ಬಿಡುತ್ತದೆ, ನೀರಿನ ಕ್ಯಾಲ್ಸಿಯಂ ಬಂದು ಕೂರುತ್ತದೆ. ಅಯಾನು ವಿನಿಮಯ ಎಂದರೆ ಇದೇ.

ಪ್ರಕೃತಿಯಲ್ಲೂ ಇದು ನಡೆಯುತ್ತದೆ. ದಕ್ಷಿಣ ಚೀನಾದ ಜಿಯಾಂಗ್ಸಿ ಸುತ್ತಮುತ್ತಲ ಜೇಡಿಮಣ್ಣಿನ ಕಣಗಳು ಹೀಗೆಯೇ ವಿರಳ ಲೋಹಗಳ ಅಯಾನುಗಳನ್ನು ಹಿಡಿದಿಟ್ಟುಕೊಂಡಿವೆ. ಅಮೋನಿಯಂ ಸಲ್ಫೇಟ್ ದ್ರಾವಣ ಹರಿಸಿದರೆ ಅಮೋನಿಯಂ ಮಣ್ಣಿಗೆ ಅಂಟುತ್ತದೆ, ಲೋಹದ ಅಯಾನುಗಳು ದ್ರವಕ್ಕೆ ಇಳಿಯುತ್ತವೆ. ಜಗತ್ತಿನ ಡಿಸ್ಪ್ರೋಸಿಯಂ, ಟರ್ಬಿಯಂಗಳ ದೊಡ್ಡ ಪಾಲು ಬಂದಿರುವುದು ಇಂಥ ಮಣ್ಣಿನಿಂದ. ಹಾಗೆ ಹರಿಸಿದ ದ್ರಾವಣ ಅಂತರ್ಜಲಕ್ಕೂ ಸೇರಿ ಅಲ್ಲಿನ ನೀರು ಕೆಟ್ಟಿದೆ ಎನ್ನುವುದನ್ನೂ ಇಲ್ಲೇ ಹೇಳಬೇಕು.

ಮಣ್ಣು ಲೋಹಗಳನ್ನು ಹಿಡಿಯುತ್ತದೆ ನಿಜ, ಆದರೆ ಒಂದರಿಂದ ಒಂದನ್ನು ಬಿಡಿಸುವುದಿಲ್ಲ. ಬರೀ ರೆಸಿನ್ ಕೂಡ ಬಿಡಿಸಲಾರದು. ಅಕ್ಕಪಕ್ಕದ ಎರಡು ಲ್ಯಾಂಥನೈಡ್‌ಗಳಲ್ಲಿ ಸಲ್ಫೋನಿಕ್ ರೆಸಿನ್‌ಗೆ ಹೆಚ್ಚು ಪಕ್ಷಪಾತ ಇಲ್ಲ. ಲ್ಯಾಂಥನಂ ಕಡೆಯ ಲೋಹಗಳನ್ನು ಒಂದು ಎಳೆಯಷ್ಟು ಬಿಗಿಯಾಗಿ ಹಿಡಿಯುತ್ತದೆ, ಅಷ್ಟೇ. ಅದು ಸಾಲದು. ನಿಜವಾದ ಆಯ್ಕೆ ನಡೆಯುವುದು ಮೇಲಿನಿಂದ ಹರಿಸುವ ದ್ರವದಲ್ಲಿ.

ಕಾಲಂನೊಳಗಿನ ಎಳೆದಾಟ

ಮಣಿ ತುಂಬಿದ ಕೊಳವೆಯನ್ನು ಕಾಲಂ ಎನ್ನುತ್ತಾರೆ. ಮೊದಲು ಲೋಹಗಳ ಮಿಶ್ರಣವನ್ನು ಮೇಲ್ತುದಿಗೆ ಹಾಕುತ್ತಾರೆ. ಮೂರು ಆವೇಶದ ಅಯಾನುಗಳು ತಲಾ ಮೂರು ಸಲ್ಫೋನಿಕ್ ಜಾಗ ಹಿಡಿದು ಅಲ್ಲೇ ಮೇಲೆ ಗಟ್ಟಿಯಾಗಿ ಕೂರುತ್ತವೆ. ಬರೀ ನೀರು ಎಷ್ಟು ಸುರಿದರೂ ಅಲ್ಲಾಡುವುದಿಲ್ಲ.

ಆಮೇಲೆ ಬರುವುದು ಹೊರತೆಗೆಯುವ ದ್ರವ. ಅದರಲ್ಲಿ ಲೋಹದ ಅಯಾನನ್ನು ಸುತ್ತುವರಿದು ಹಿಡಿದುಕೊಳ್ಳುವ ಅಣುಗಳಿರುತ್ತವೆ. ಶುರುವಿನಲ್ಲಿ ಬಳಸಿದ್ದು ಸಿಟ್ರಿಕ್ ಆಮ್ಲ, ನಿಂಬೆಹಣ್ಣಿನಲ್ಲಿ ಇರುವುದೇ. ಆಮೇಲೆ ಇಡಿಟಿಎ ಬಂತು. 1950ರ ದಶಕದ ನಡುವಿನಲ್ಲಿ ಆಲ್ಫಾ-ಹೈಡ್ರಾಕ್ಸಿಐಸೊಬ್ಯುಟಿರಿಕ್ ಆಮ್ಲ ಎಂಬ ಉದ್ದ ಹೆಸರಿನದು ಬಂತು. ಇದನ್ನು ಬಳಸುವವರು ಚಿಕ್ಕದಾಗಿ ಆಲ್ಫಾ-ಎಚ್‌ಐಬಿ ಎನ್ನುತ್ತಾರೆ.

ಈ ಅಣುಗಳಿಗೆ ಗಾತ್ರದ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಅಯಾನು ಚಿಕ್ಕದಾದಷ್ಟೂ ಅದರ ಆವೇಶ ಒತ್ತಾಗಿರುತ್ತದೆ, ಹಿಡಿತ ಬಿಗಿಯಾಗುತ್ತದೆ. ಇಡಿಟಿಎಯನ್ನೇ ತೆಗೆದುಕೊಳ್ಳಿ. ಲ್ಯಾಂಥನಂಗಿಂತ ಲುಟೇಶಿಯಂ ಅನ್ನು ಅದು ಹತ್ತು ಸಾವಿರ ಪಟ್ಟಿಗೂ ಜಾಸ್ತಿ ಬಿಗಿಯಾಗಿ ಹಿಡಿಯುತ್ತದೆ. ಅಂದರೆ ರೆಸಿನ್ ಲ್ಯಾಂಥನಂ ಅನ್ನು ತನ್ನ ಕಡೆ ಎಳೆಯುತ್ತದೆ, ದ್ರವ ಲುಟೇಶಿಯಂ ಅನ್ನು ತನ್ನ ಕಡೆ ಎಳೆಯುತ್ತದೆ. ಎರಡೂ ಒಂದೇ ದಿಕ್ಕಿನಲ್ಲಿ ಕೆಲಸ ಮಾಡುತ್ತವೆ. ಹಾಗಾಗಿ ಕಾಲಂನ ಕೆಳಗೆ ಮೊದಲು ಬರುವುದು ಅತಿ ಭಾರದ ಲುಟೇಶಿಯಂ, ಕೊನೆಗೆ ಬರುವುದು ಅತಿ ಹಗುರದ ಲ್ಯಾಂಥನಂ. ನಡುವಿನವು ತಪ್ಪದೆ ಸಾಲಾಗಿ.

ಉದ್ದನೆಯ ದಾರಿಯೊಂದರ ಪಕ್ಕ ಸಾವಿರಾರು ಕುರ್ಚಿಗಳನ್ನು ಇಟ್ಟಿದ್ದಾರೆ ಎಂದುಕೊಳ್ಳಿ. ಇಬ್ಬರು ಒಂದೇ ವೇಗದಲ್ಲಿ ನಡೆಯುತ್ತಾರೆ, ಆಗಾಗ ಕೂತು ಏಳುತ್ತಾರೆ. ಒಬ್ಬರು ಕೂತಾಗಲೆಲ್ಲ ಇನ್ನೊಬ್ಬರಿಗಿಂತ ಒಂದೆರಡು ಗಳಿಗೆ ಜಾಸ್ತಿ ಕೂರುತ್ತಾರೆ. ಮೊದಲ ಹತ್ತು ಕುರ್ಚಿ ದಾಟುವಾಗ ವ್ಯತ್ಯಾಸ ಕಾಣದು. ದಾರಿಯ ಕೊನೆಯಲ್ಲಿ ಒಬ್ಬರು ತಲುಪಿ ಎಷ್ಟೋ ಹೊತ್ತಾದ ಮೇಲೆ ಇನ್ನೊಬ್ಬರು ಬರುತ್ತಾರೆ. ಕಾಲಂನಲ್ಲಿ ಅಯಾನು ಮಣಿಯ ಮೇಲೆ ಕೂರುತ್ತದೆ, ದ್ರವದ ಅಣು ಎಬ್ಬಿಸಿಕೊಂಡು ಹೋಗುತ್ತದೆ, ಕೆಳಗಿನ ಮಣಿ ಮತ್ತೆ ಕೂರಿಸಿಕೊಳ್ಳುತ್ತದೆ.

ಲೆಕ್ಕ ಹಾಕಿದರೆ ಇದರ ಬಲ ತಿಳಿಯುತ್ತದೆ. ಒಂದು ಹಂತದಲ್ಲಿ ಒಂದು ಲೋಹದ ಪಾಲು ಪಕ್ಕದ್ದಕ್ಕಿಂತ 1.4 ಪಟ್ಟು ಹೆಚ್ಚುತ್ತದೆ ಅಂದುಕೊಳ್ಳೋಣ. ಹತ್ತು ಹಂತ ಆದರೆ 29 ಪಟ್ಟು. ಇಪ್ಪತ್ತು ಆದರೆ 830 ಪಟ್ಟಿಗೂ ಮೇಲೆ. ಮೂವತ್ತು ಆದರೆ 24,000 ಪಟ್ಟು. ಹಂತಗಳನ್ನು ಪೂರ್ತಿ ಆದರ್ಶವಾಗಿ ನಡೆದವು ಎಂದುಕೊಂಡ ಲೆಕ್ಕ ಇದು. ಆದರೆ ಒಂದು ಒಳ್ಳೆಯ ಕಾಲಂನಲ್ಲಿ ಇಂಥ ಹಂತಗಳು ನೂರಾರು ಇರುತ್ತವೆ.

ದ್ರವದ ಆಮ್ಲೀಯತೆಯೇ ಇಲ್ಲಿ ಸ್ಟೇರಿಂಗ್ ಇದ್ದಂತೆ. ಆಮ್ಲ ಜಾಸ್ತಿಯಾದರೆ ಹಿಡಿಯುವ ಅಣುಗಳು ಹೈಡ್ರೋಜನ್ ಅಯಾನನ್ನೇ ಹಿಡಿದುಕೊಂಡು ಕೂರುತ್ತವೆ, ಲೋಹಗಳು ಕದಲುವುದಿಲ್ಲ. ಕಡಿಮೆಯಾದರೆ ಎಲ್ಲವೂ ಒಟ್ಟಿಗೆ ಓಡಿಬರುತ್ತವೆ. ಪಿಎಚ್ ಅನ್ನು ದಶಮಾಂಶದ ಲೆಕ್ಕದಲ್ಲಿ ಹದವಾಗಿ ಇಡಬೇಕು. ದ್ರವ ಹರಿಯುವ ವೇಗವೂ ಹಾಗೇ. ಅವಸರ ಮಾಡಿದರೆ ಅಯಾನುಗಳಿಗೆ ಮಣಿಯೊಳಗೆ ಹೋಗಿ ಬರಲು ಸಮಯ ಸಿಗುವುದಿಲ್ಲ, ಬೇರೆ ಬೇರೆಯಾಗಿ ಇಳಿಯುತ್ತಿದ್ದ ಲೋಹಗಳ ಪಟ್ಟಿಗಳು ಕಲೆಸಿಹೋಗುತ್ತವೆ. ಮಣಿ ಚಿಕ್ಕದಾದಷ್ಟೂ ಅಯಾನು ಒಳಗೆ ಹೋಗಿ ಬರುವ ದೂರ ಕಡಿಮೆ. ಅದಕ್ಕೇ ಸಣ್ಣ ಮಣಿಗಳಿಗೆ ಅಷ್ಟು ಬೆಲೆ.

ಬಣ್ಣದ ಪಟ್ಟಿಗಳು ಇಳಿಯುವ ಕೊಳವೆ

ರೆಸಿನ್‌ಗಳ ಚರಿತ್ರೆ 1935ರಲ್ಲಿ ಶುರುವಾಗುತ್ತದೆ. ಇಂಗ್ಲೆಂಡಿನಲ್ಲಿ ಆಡಮ್ಸ್ ಮತ್ತು ಹೋಮ್ಸ್ ಆ ವರ್ಷ ಮೊದಲ ಕೃತಕ ರೆಸಿನ್‌ಗಳ ವಿವರ ಪ್ರಕಟಿಸಿದರು. ವಿರಳ ಲೋಹಗಳ ಕಡೆಗೆ ಅದು ತಿರುಗಿದ್ದು ಅಣುಬಾಂಬಿನ ಯೋಜನೆಯಲ್ಲಿ. ಯುರೇನಿಯಂ ಒಡೆದಾಗ ಹುಟ್ಟುವ ಚೂರುಗಳಲ್ಲಿ ಲ್ಯಾಂಥನೈಡ್‌ಗಳು ತುಂಬ. ಕೆಲವಂತೂ ನ್ಯೂಟ್ರಾನ್‌ಗಳನ್ನು ನುಂಗಿ ರಿಯಾಕ್ಟರ್ ಕ್ರಿಯೆಗೇ ಅಡ್ಡಿ ಮಾಡುತ್ತವೆ. ಅವು ಏನು, ಎಷ್ಟಿವೆ ಎಂದು ತಿಳಿಯಬೇಕಿತ್ತು. ಹರಳುಗಟ್ಟಿಸುತ್ತಾ ಕೂರಲು ಸಮಯ ಇರಲಿಲ್ಲ.

ಅಮೆರಿಕದ ಓಕ್ ರಿಡ್ಜ್‌ನ ಪ್ರಯೋಗಾಲಯದಲ್ಲಿ 1945ರಲ್ಲಿ ಮಾರಿನ್‌ಸ್ಕಿ, ಗ್ಲೆಂಡೆನಿನ್, ಕೊರಿಯೆಲ್ ಈ ವಿಧಾನದಿಂದ 61ನೇ ಧಾತುವನ್ನು ಗುರುತಿಸಿದರು. ಲ್ಯಾಂಥನೈಡ್ ಸಾಲಿನಲ್ಲಿ ಖಾಲಿ ಉಳಿದಿದ್ದ ಒಂದೇ ಜಾಗ ಅದು. ಪ್ರೊಮಿಥಿಯಂ ಎಂದು ಹೆಸರಾಯಿತು. ಅದಕ್ಕೆ ಸ್ಥಿರವಾದ ಐಸೊಟೋಪ್ (ಒಂದೇ ಧಾತುವಿನ ಬೇರೆ ಬೇರೆ ತೂಕದ ರೂಪ) ಒಂದೂ ಇಲ್ಲ, ಹಾಗಾಗಿಯೇ ಅದಿರಿನಲ್ಲಿ ಎಷ್ಟು ಹುಡುಕಿದರೂ ಕೈಗೆ ಸಿಕ್ಕಿರಲಿಲ್ಲ.

ಅಯೋವಾ ರಾಜ್ಯದ ಏಮ್ಸ್‌ನಲ್ಲಿ ಫ್ರಾಂಕ್ ಸ್ಪೆಡಿಂಗ್ ತಂಡ ಇನ್ನೊಂದು ದಿಕ್ಕಿಗೆ ಹೋಯಿತು. ಅವರಿಗೆ ಬೇಕಿದ್ದುದು ಚಿಟಿಕೆಯಷ್ಟಲ್ಲ, ಕಿಲೋಗಟ್ಟಲೆ ಶುದ್ಧ ಲೋಹ. ಅವರ ಇಡಿಟಿಎ ವಿಧಾನದಲ್ಲಿ ಲೋಹಗಳ ಪಟ್ಟಿಯ ಮುಂದೆ ತಾಮ್ರದ ಅಯಾನು ತುಂಬಿದ ರೆಸಿನ್ ಇರುತ್ತಿತ್ತು. ಇಡಿಟಿಎ ಒಂದು ಲೋಹವನ್ನು ಹೊತ್ತು ತಂದರೆ ತಾಮ್ರ ಆ ಇಡಿಟಿಎಯನ್ನು ಕಿತ್ತುಕೊಳ್ಳುತ್ತದೆ. ಲೋಹ ತಾಮ್ರ ಬಿಟ್ಟುಹೋದ ಜಾಗದಲ್ಲಿ ಕೂರುತ್ತದೆ. ಹಿಂದಿನಿಂದ ಹೊಸ ಇಡಿಟಿಎ ಬಂದು ಮತ್ತೆ ಎತ್ತುತ್ತದೆ.

ಹೀಗೆ ಇಳಿಯುತ್ತಾ ಹೋದಂತೆ ಲೋಹಗಳು ಒಂದಕ್ಕೊಂದು ತಾಗಿಕೊಂಡೇ ಬೇರೆ ಬೇರೆ ಪಟ್ಟಿಗಳಾಗುತ್ತವೆ. ಕೆಲವು ಪಟ್ಟಿಗಳು ಕಣ್ಣಿಗೇ ಕಾಣುತ್ತವೆ. ಪ್ರೇಸಿಯೊಡಿಮಿಯಂನದು ಹಸಿರು, ನಿಯೊಡಿಮಿಯಂನದು ನಸುನೇರಳೆ, ಎರ್ಬಿಯಂನದು ಗುಲಾಬಿ. ಎಲ್ಲಕ್ಕಿಂತ ಮುಂದೆ ತಾಮ್ರದ ನೀಲಿ. ಇಲ್ಲಿ ಒಂದು ಸೊಗಸಾದ ಗುಣ ಇದೆ. ನಿಯೊಡಿಮಿಯಂನ ಒಂದು ಅಯಾನು ದಾರಿ ತಪ್ಪಿ ಹಿಂದಿನ ಹಸಿರು ಪಟ್ಟಿಗೆ ಬಿತ್ತು ಅನ್ನಿ. ಅಲ್ಲಿ ಸುತ್ತಲಿರುವ ಪ್ರೇಸಿಯೊಡಿಮಿಯಂಗಿಂತ ಇಡಿಟಿಎ ಇದನ್ನೇ ಹೆಚ್ಚು ಬಯಸುತ್ತದೆ. ಎತ್ತಿಕೊಂಡು ಬೇಗ ಮುಂದಕ್ಕೆ ಒಯ್ಯುತ್ತದೆ. ತನ್ನ ಪಟ್ಟಿ ಸಿಕ್ಕಿದ ಮೇಲೆ ಅದರ ವೇಗ ಎಲ್ಲರಂತಾಗುತ್ತದೆ. ಮುಂದಕ್ಕೆ ಜಾರಿದ ಪ್ರೇಸಿಯೊಡಿಮಿಯಂ ಹಾಗೆಯೇ ಹಿಂದೆ ಬೀಳುತ್ತದೆ. ಗಡಿ ಮಸುಕಾದರೆ ತಾನೇ ಸರಿಯಾಗುತ್ತದೆ. ಎರಡು ಪಟ್ಟಿಗಳ ಗಡಿಯ ತುಸು ದ್ರವವನ್ನು ಮಾತ್ರ ಬೇರೆ ಇಟ್ಟು ಮತ್ತೆ ಕಾಲಂಗೆ ಹಾಕಿದರೆ ಆಯಿತು, ಉಳಿದದ್ದೆಲ್ಲ ಶುದ್ಧ.

ಭಾರಿ ಧಾತುಗಳ ಬೇಟೆ

ಯುರೇನಿಯಂ ಆವರ್ತ ಕೋಷ್ಟಕದಲ್ಲಿ 92ನೆಯದು. ಅದರಾಚೆಯ ಧಾತುಗಳನ್ನು ರಿಯಾಕ್ಟರಿನಲ್ಲೋ ಕಣಗಳಿಗೆ ವೇಗ ಕೊಡುವ ಸೈಕ್ಲೋಟ್ರಾನ್ ಯಂತ್ರದಲ್ಲೋ ತಯಾರಿಸಬೇಕು. 1944ರಲ್ಲಿ ಗ್ಲೆನ್ ಸೀಬೋರ್ಗ್ ಒಂದು ಊಹೆ ಮುಂದಿಟ್ಟರು. 89ನೇ ಧಾತು ಆಕ್ಟಿನಿಯಂನಿಂದ ಮುಂದಿನವು ಲ್ಯಾಂಥನೈಡ್‌ಗಳಂಥದೇ ಇನ್ನೊಂದು ಸಾಲು, ಅಲ್ಲೂ ಎಲೆಕ್ಟ್ರಾನ್‌ಗಳು ಒಳಪದರಕ್ಕೆ ಸೇರುತ್ತವೆ ಎಂದು. ಇವನ್ನು ಆಕ್ಟಿನೈಡ್‌ಗಳು ಎನ್ನುತ್ತೇವೆ.

ಊಹೆ ಸರಿಯಾಗಿದ್ದರೆ ಅದರಿಂದ ಒಂದು ದೊಡ್ಡ ಅನುಕೂಲ. ಇನ್ನೂ ಯಾರೂ ಕಾಣದ ಧಾತು ಕಾಲಂನಿಂದ ಎಷ್ಟನೇ ಹನಿಯಲ್ಲಿ ಇಳಿಯಬೇಕು ಎಂದು ಮೊದಲೇ ಹೇಳಬಹುದು! 97ನೆಯದು ಟರ್ಬಿಯಂನಂತೆ, 98ನೆಯದು ಡಿಸ್ಪ್ರೋಸಿಯಂನಂತೆ ನಡೆದುಕೊಳ್ಳಬೇಕು. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ 1949ರ ಡಿಸೆಂಬರಿನಲ್ಲಿ ಬರ್ಕೀಲಿಯಂ, 1950ರ ಫೆಬ್ರುವರಿಯಲ್ಲಿ ಕ್ಯಾಲಿಫೋರ್ನಿಯಂ ಸಿಕ್ಕಿದ್ದು ಹೀಗೇ. ಕ್ಯಾಲಿಫೋರ್ನಿಯಂನ ಮೊದಲ ಪ್ರಯೋಗದಲ್ಲಿ ತಯಾರಾದದ್ದು ಸುಮಾರು 5,000 ಪರಮಾಣುಗಳು. ಅವುಗಳ ಅರ್ಧಾಯುಷ್ಯ ಮುಕ್ಕಾಲು ಗಂಟೆ, ಅಂದರೆ ಅಷ್ಟು ಹೊತ್ತಿನಲ್ಲಿ ಅರ್ಧದಷ್ಟು ಪರಮಾಣುಗಳು ಒಡೆದುಹೋಗುತ್ತವೆ. ಅಷ್ಟರೊಳಗೆ ಕರಗಿಸಿ, ಕಾಲಂ ದಾಟಿಸಿ, ಗುರುತು ಹಿಡಿಯಬೇಕಿತ್ತು.

99 ಮತ್ತು 100ನೇ ಧಾತುಗಳು ಸಿಕ್ಕಿದ ಜಾಗ ಯಾರೂ ನಿರೀಕ್ಷಿಸದ್ದು. 1952ರ ನವೆಂಬರ್ 1ರಂದು ಪೆಸಿಫಿಕ್ ಸಾಗರದ ಎನಿವೆಟಾಕ್‌ನಲ್ಲಿ ಅಮೆರಿಕ ಮೊದಲ ದೊಡ್ಡ ಹೈಡ್ರೋಜನ್ ಬಾಂಬ್ ಸಾಧನವನ್ನು ಸ್ಫೋಟಿಸಿತು. ವಿಮಾನಗಳು ಆ ಮೋಡದೊಳಗೆ ಹಾದು ಫಿಲ್ಟರ್ ಕಾಗದದಲ್ಲಿ ಧೂಳು ಹಿಡಿದು ತಂದವು. ಆಮೇಲೆ ಹವಳದ ಚೂರುಗಳನ್ನೂ ತರಿಸಿದರು. ಕರಗಿಸಿ ಕಾಲಂನಲ್ಲಿ ಇಳಿಸಿದಾಗ ಕ್ಯಾಲಿಫೋರ್ನಿಯಂಗಿಂತ ಮುಂಚಿನ ಹನಿಗಳಲ್ಲಿ ಹೊಸ ವಿಕಿರಣ ಕಂಡಿತು. ಯುರೇನಿಯಂನ ನ್ಯೂಕ್ಲಿಯಸ್ ಕ್ಷಣಾರ್ಧದಲ್ಲಿ 15, 17 ನ್ಯೂಟ್ರಾನ್‌ಗಳನ್ನು ನುಂಗಿ ಐನ್‌ಸ್ಟೈನಿಯಂ, ಫರ್ಮಿಯಂಗಳಿಗೆ ಹಾದಿ ಮಾಡಿತ್ತು. ವಿಷಯ ಕೆಲವು ವರ್ಷ ಗುಟ್ಟಾಗಿಯೇ ಇತ್ತು.

101ನೇ ಧಾತುವಿಗಾಗಿ ನಡೆದ 1955ರ ಪ್ರಯೋಗವನ್ನು ಹತ್ತಿರದಿಂದ ನೋಡೋಣ. ಬರ್ಕ್ಲಿ ತಂಡದ ಕೈಯಲ್ಲಿದ್ದುದು ಐನ್‌ಸ್ಟೈನಿಯಂನ ನೂರು ಕೋಟಿಯಷ್ಟು ಪರಮಾಣುಗಳು. ಕೇಳಲು ಬಹಳ ಅನಿಸಿದರೂ ಅದು ಕಣ್ಣಿಗೆ ಕಾಣದಷ್ಟು ಅತ್ಯಲ್ಪ. ಅದಕ್ಕೆ ಆಲ್ಫಾ ಕಣಗಳನ್ನು (ಹೀಲಿಯಂನ ನ್ಯೂಕ್ಲಿಯಸ್‌ಗಳನ್ನು) ಹೊಡೆದಾಗ ಒಂದು ಪ್ರಯೋಗಕ್ಕೆ 101ನೇ ಧಾತುವಿನ ಒಂದೆರಡು ಪರಮಾಣು ಹುಟ್ಟಬಹುದು ಎಂಬುದು ಲೆಕ್ಕ. ಹೊಡೆತಕ್ಕೆ ಚಿಮ್ಮಿದ ಪರಮಾಣು ಹಿಂದೆ ಇಟ್ಟ ತೆಳು ಚಿನ್ನದ ಹಾಳೆಯಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಚಿನ್ನವನ್ನು ಕರಗಿಸಿ ಬೇರೆ ಮಾಡಿ, ಉಳಿದದ್ದನ್ನು ಪುಟ್ಟ ಕಾಲಂಗೆ ಹಾಕಿ, ಆಲ್ಫಾ-ಎಚ್‌ಐಬಿ ಹರಿಸಿ, ಕೆಳಗೆ ಬೀಳುವ ಹನಿಗಳನ್ನು ಲೋಹದ ಬಿಲ್ಲೆಗಳ ಮೇಲೆ ಹಿಡಿದು ಒಣಗಿಸಿ, ಒಂದೊಂದನ್ನೂ ಎಣಿಸುವ ಯಂತ್ರಕ್ಕೆ ಇಡಬೇಕು. ಥುಲಿಯಂನ ಸ್ಥಾನದಲ್ಲಿ, ಅಂದರೆ ಫರ್ಮಿಯಂಗೆ ಸ್ವಲ್ಪ ಮುಂಚಿನ ಹನಿಗಳಲ್ಲಿ, ಅದು ಬಂತು. ಎಲ್ಲ ಪ್ರಯೋಗ ಸೇರಿ 17 ಪರಮಾಣುಗಳು. ಅಷ್ಟರ ಮೇಲೆ ಮೆಂಡೆಲೀವಿಯಂ ಇದೆ ಎಂದು ಜಗತ್ತಿಗೆ ಹೇಳಿದರು, ಅದು ನಿಜವೂ ಆಗಿತ್ತು.

ಎರಡು ಸಾಲುಗಳನ್ನು ಒಂದರಿಂದ ಒಂದು ಬಿಡಿಸುವುದು

ಇಲ್ಲಿ ಇನ್ನೊಂದು ತೊಡಕಿದೆ. ಬಳಸಿದ ಅಣು ಇಂಧನದಲ್ಲಿ ಲ್ಯಾಂಥನೈಡ್‌ಗಳೂ ಆಕ್ಟಿನೈಡ್‌ಗಳೂ ಒಟ್ಟಿಗೆ ಇರುತ್ತವೆ. ಅಮೆರಿಸಿಯಂ ಅಯಾನಿನ ಗಾತ್ರ ಹೆಚ್ಚುಕಡಿಮೆ ನಿಯೊಡಿಮಿಯಂನಷ್ಟೇ. ಗಾತ್ರವನ್ನೇ ನೋಡುವ ವಿಧಾನ ಇಲ್ಲಿ ಸೋಲುತ್ತದೆ.

ಆಕ್ಟಿನೈಡ್‌ಗಳ ಒಳಪದರದ ಎಲೆಕ್ಟ್ರಾನ್‌ಗಳು ಲ್ಯಾಂಥನೈಡ್‌ಗಳಿಗಿಂತ ಚೂರು ಹೊರಗೆ ಚಾಚಿರುತ್ತವೆ. ಅದರಿಂದ ಕ್ಲೋರೈಡ್‌ನಂಥವುಗಳ ಜೊತೆ ಇವುಗಳ ಬಂಧ ಒಂದು ಗುಲಗಂಜಿಯಷ್ಟು ಗಟ್ಟಿ. 1950ರಲ್ಲಿ ಸ್ಟ್ರೀಟ್ ಮತ್ತು ಸೀಬೋರ್ಗ್ ತೋರಿಸಿದ್ದು ಇದನ್ನೇ. ಬಹಳ ಪ್ರಬಲ ಹೈಡ್ರೋಕ್ಲೋರಿಕ್ ಆಮ್ಲ ಹರಿಸಿದರೆ ಅಮೆರಿಸಿಯಂ, ಕ್ಯೂರಿಯಂಗಳು ಗುಂಪಾಗಿ ಮುಂದೆ ಬರುತ್ತವೆ, ಲ್ಯಾಂಥನೈಡ್‌ಗಳು ಹಿಂದೆ ಉಳಿಯುತ್ತವೆ. ಮೊದಲು ಹೀಗೆ ಗುಂಪು ಬಿಡಿಸುವುದು, ಆಮೇಲೆ ಆಲ್ಫಾ-ಎಚ್‌ಐಬಿಯಿಂದ ಗುಂಪಿನೊಳಗೆ ಒಂದೊಂದನ್ನು ಬಿಡಿಸುವುದು.

ಪ್ಲುಟೋನಿಯಂಗೆ ತದ್ವಿರುದ್ಧ ರೆಸಿನ್ ಬೇಕು. ಇದರ ಮೈಮೇಲೆ ಧನ ಆವೇಶ ಅಂಟಿರುತ್ತದೆ, ಹಿಡಿಯುವುದು ಋಣ ಅಯಾನುಗಳನ್ನು. ಪ್ರಬಲ ನೈಟ್ರಿಕ್ ಆಮ್ಲದಲ್ಲಿ ನಾಲ್ಕು ಆವೇಶದ ಪ್ಲುಟೋನಿಯಂ ಆರು ನೈಟ್ರೇಟ್‌ಗಳನ್ನು ಸುತ್ತಿಕೊಂಡು ಒಟ್ಟಾರೆ ಋಣವಾಗುತ್ತದೆ, ರೆಸಿನ್‌ಗೆ ಅಂಟುತ್ತದೆ. ಅಮೆರಿಸಿಯಂ, ಲ್ಯಾಂಥನೈಡ್‌ಗಳು ಹಾಗೆ ಮಾಡಲಾರವು, ನೇರ ಹರಿದುಹೋಗುತ್ತವೆ. ಆಮೇಲೆ ದುರ್ಬಲ ಆಮ್ಲ ಹರಿಸಿದರೆ ನೈಟ್ರೇಟ್‌ಗಳು ಕಳಚಿ ಪ್ಲುಟೋನಿಯಂ ಕೆಳಗಿಳಿಯುತ್ತದೆ. ಥೋರಿಯಂ ಕೂಡ ನೈಟ್ರಿಕ್ ಆಮ್ಲದಲ್ಲಿ ಹೀಗೇ ನಡೆದುಕೊಳ್ಳುತ್ತದೆ. ಮೋನಜೈಟ್ ಅದಿರಿನಲ್ಲಿ ವಿರಳ ಲೋಹಗಳ ಜೊತೆ ಥೋರಿಯಂ ಬಂದೇ ಬರುವುದರಿಂದ ಈ ಗುಣ ಉಪಯೋಗಕ್ಕೆ ಬರುತ್ತದೆ.

ಮಣಿಗಳಿಗೂ ಏಟು ಬೀಳುತ್ತದೆ

ರೆಸಿನ್ ಎಷ್ಟಾದರೂ ಪ್ಲಾಸ್ಟಿಕ್. ತೀವ್ರ ವಿಕಿರಣ ಅದರ ಸರಪಳಿಗಳನ್ನು ಕಡಿಯುತ್ತದೆ. ನೀರನ್ನೂ ಒಡೆದು ಅನಿಲದ ಗುಳ್ಳೆ ಎಬ್ಬಿಸುತ್ತದೆ. ಗುಳ್ಳೆಗಳು ಮಣಿಗಳನ್ನು ಅತ್ತಿತ್ತ ಸರಿಸಿದರೆ ನೀಟಾಗಿ ಇಳಿಯುತ್ತಿದ್ದ ಪಟ್ಟಿಗಳು ಕೆಡುತ್ತವೆ. ಅದಕ್ಕೆ ಓಕ್ ರಿಡ್ಜ್‌ನಲ್ಲಿ ಅತಿ ಸಣ್ಣ ಮಣಿಗಳ ಮೂಲಕ ಹೆಚ್ಚು ಒತ್ತಡದಲ್ಲಿ ದ್ರವ ತಳ್ಳುವ ವಿಧಾನ ಬಂತು. ಕೆಲಸ ಬೇಗ ಮುಗಿಯುತ್ತದೆ, ಒತ್ತಡಕ್ಕೆ ಅನಿಲ ಕರಗಿಯೇ ಇರುತ್ತದೆ. ಇದೆಲ್ಲ ನಡೆಯುವುದು ದಪ್ಪ ಕಾಂಕ್ರೀಟ್ ಗೋಡೆಯ ಕೋಣೆಯೊಳಗೆ. ಕೆಲಸ ಮಾಡುವವರು ಹೊರಗೆ ನಿಂತು, ದಪ್ಪ ಗಾಜಿನ ಮೂಲಕ ನೋಡುತ್ತಾ ಯಾಂತ್ರಿಕ ಕೈಗಳನ್ನು ಆಡಿಸುತ್ತಾರೆ.

ನೈಟ್ರಿಕ್ ಆಮ್ಲ ಮತ್ತು ರೆಸಿನ್ ಜೊತೆಗಿದ್ದರೆ ಇನ್ನೂ ದೊಡ್ಡ ಅಪಾಯ. 1976ರ ಆಗಸ್ಟ್ 30ರಂದು ಅಮೆರಿಕದ ಹ್ಯಾನ್‌ಫರ್ಡ್‌ನಲ್ಲಿ ಅಮೆರಿಸಿಯಂ ತುಂಬಿದ್ದ ಕಾಲಂ ಒಂದು ಸ್ಫೋಟಿಸಿತು. ಮುಷ್ಕರದ ಕಾರಣ ಅದು ತಿಂಗಳುಗಟ್ಟಲೆ ಹಾಗೇ ನಿಂತಿತ್ತು, ರೆಸಿನ್ ವಿಕಿರಣಕ್ಕೆ ಹಾಳಾಗಿತ್ತು. ಕೆಲಸ ಮತ್ತೆ ಶುರುವಾಗಿ ಪ್ರಬಲ ನೈಟ್ರಿಕ್ ಆಮ್ಲ ಹೋದ ಮೇಲೆ ಈ ಅನಾಹುತ ಆಯಿತು. ಎದುರಿಗಿದ್ದ ಕೆಲಸಗಾರ ಹೆರಾಲ್ಡ್ ಮೆಕ್‌ಕ್ಲಸ್ಕಿಯವರ ಮುಖದೊಳಗೆ ಅಮೆರಿಸಿಯಂ ಹೊಕ್ಕಿತು. ದೇಹದಿಂದ ಅದನ್ನು ಹೊರಹಾಕಲು ಕೊಟ್ಟ ಡಿಟಿಪಿಎ ಎಂಬ ಔಷಧಿ ಇಡಿಟಿಎಯ ಹತ್ತಿರದ ಸಂಬಂಧಿ. ಕಾಲಂನಲ್ಲಿ ಲೋಹವನ್ನು ಸುತ್ತಿ ಎಳೆಯುವ ಕೆಲಸವನ್ನೇ ಅದು ರಕ್ತದಲ್ಲಿ ಮಾಡುತ್ತದೆ. ಅವರು 1987ರವರೆಗೆ ಬದುಕಿದ್ದರು.

ಇವತ್ತು ರೆಸಿನ್ ಎಲ್ಲಿದೆ?

ಟನ್‌ಗಟ್ಟಲೆ ಉತ್ಪಾದಿಸುವ ಕಾರ್ಖಾನೆಗಳು 1960ರ ದಶಕದಿಂದ ಬೇರೆ ದಾರಿಗೆ ಹೊರಳಿದವು. ರೆಸಿನ್ ಕಾಲಂ ನಿಧಾನ. ದ್ರವ ತೀರಾ ತೆಳುವಾಗಿರಬೇಕು, ಒಂದು ಸಲದ ಮಿಶ್ರಣ ಮುಗಿದ ಮೇಲೆಯೇ ಇನ್ನೊಂದು. ಅದರ ಬದಲು ಒಂದಕ್ಕೊಂದು ಬೆರೆಯದ ಎರಡು ದ್ರವಗಳ ನಡುವೆ ಲೋಹಗಳನ್ನು ಹಂಚುವ ದ್ರಾವಕ ವಿಧಾನ ಬಂತು. ನೂರಾರು ತೊಟ್ಟಿಗಳ ಸಾಲು, ಹಗಲು ರಾತ್ರಿ ನಿಲ್ಲದೆ ಹರಿವು. ಚೀನಾದ ಹಿಡಿತ ಇರುವುದು ಮುಖ್ಯವಾಗಿ ಈ ವಿಧಾನದ ಮೇಲೆ, ಅದನ್ನು ದಶಕಗಳ ಕಾಲ ನಡೆಸಿ ಗಳಿಸಿದ ಅನುಭವದ ಮೇಲೆ. ಹಂತದ ಮೇಲೆ ಹಂತ ಸೇರಿಸಿ ಸಣ್ಣ ವ್ಯತ್ಯಾಸ ಹಿಗ್ಗಿಸುವ ತತ್ವ ಮಾತ್ರ ಅಲ್ಲೂ ಅದೇ.

ರೆಸಿನ್ ಉಳಿದಿರುವುದು ಪ್ರಮಾಣ ಕಡಿಮೆ ಇದ್ದು ಶುದ್ಧತೆ ತುಂಬ ಬೇಕಾದ ಕಡೆ. 117ನೇ ಧಾತುವಿಗಾಗಿ ಓಕ್ ರಿಡ್ಜ್‌ನಲ್ಲಿ ತಯಾರಿಸಿದ ಬರ್ಕೀಲಿಯಂ 22 ಮಿಲಿಗ್ರಾಂ. ರಿಯಾಕ್ಟರಿನಲ್ಲಿ 250 ದಿನ, ಬೇರ್ಪಡಿಸಿ ಶುದ್ಧ ಮಾಡಲು 90 ದಿನ. ಅರ್ಧಾಯುಷ್ಯ ಒಂದು ವರ್ಷಕ್ಕೂ ಕಡಿಮೆಯಾದ್ದರಿಂದ ತಡಮಾಡುವಂತಿರಲಿಲ್ಲ. ರಷ್ಯಾದ ದುಬ್ನಾದಲ್ಲಿ ಅದಕ್ಕೆ ಕ್ಯಾಲ್ಸಿಯಂ ಹೊಡೆದು 2010ರಲ್ಲಿ ಹೊಸ ಧಾತುವನ್ನು ಪ್ರಕಟಿಸಿದರು.

ರೋಗಿಗಳಿಗೆ ನೇರವಾಗಿ ತಲುಪುವುದು ಲುಟೇಶಿಯಂ-177, ಅಂದರೆ ಲುಟೇಶಿಯಂನ ವಿಕಿರಣ ಸೂಸುವ ಒಂದು ಐಸೊಟೋಪ್. ಅಮೆರಿಕದಲ್ಲಿ 2018ರಲ್ಲಿ ಒಂದು ಬಗೆಯ ನರ-ಗ್ರಂಥಿ ಗೆಡ್ಡೆಗಳಿಗೆ, 2022ರಲ್ಲಿ ಪ್ರಾಸ್ಟೇಟ್ ಕ್ಯಾನ್ಸರಿಗೆ ಇದರ ಔಷಧಿಗಳಿಗೆ ಒಪ್ಪಿಗೆ ಸಿಕ್ಕಿತು. ಗೆಡ್ಡೆಯನ್ನು ಹುಡುಕಿ ಅಂಟುವ ಅಣುವಿಗೆ ಇದನ್ನು ಕಟ್ಟಿ ಕಳಿಸಿದರೆ ಅಲ್ಲೇ ವಿಕಿರಣ ಬಿಡುತ್ತದೆ. ಅರ್ಧಾಯುಷ್ಯ ಸುಮಾರು 6.6 ದಿನ.

ತಯಾರಿಸಲು ಎರಡು ದಾರಿ. ಲುಟೇಶಿಯಂ-176ಕ್ಕೆ ನೇರ ನ್ಯೂಟ್ರಾನ್ ಹೊಡೆಯಬಹುದು. ಆದರೆ ಆಗ ಸುಮಾರು 160 ದಿನ ಅರ್ಧಾಯುಷ್ಯದ ಬೇಡದ ರೂಪವೂ ಸ್ವಲ್ಪ ಹುಟ್ಟುತ್ತದೆ, ಆಸ್ಪತ್ರೆಯ ತ್ಯಾಜ್ಯಕ್ಕೆ ಅದು ತಲೆನೋವು. ಇನ್ನೊಂದು ದಾರಿಯಲ್ಲಿ ಪಕ್ಕದ ಧಾತು ಇಟರ್ಬಿಯಂ-176ಕ್ಕೆ ಹೊಡೆಯುತ್ತಾರೆ. ಅದು ಇಟರ್ಬಿಯಂ-177 ಆಗಿ, ಗಂಟೆಗಳಲ್ಲಿ ಲುಟೇಶಿಯಂ-177 ಆಗುತ್ತದೆ. ಇದು ಶುದ್ಧ. ಆದರೆ ಇಟರ್ಬಿಯಂ ರಾಶಿಯಲ್ಲಿ ಲುಟೇಶಿಯಂ ಇರುವುದು ಸಾವಿರದಲ್ಲಿ ಒಂದು ಪಾಲೂ ಇಲ್ಲ. ಎರಡೂ ಸಾಲಿನ ಅಕ್ಕಪಕ್ಕದ ಲೋಹಗಳು. ಇಟರ್ಬಿಯಂ ಸ್ವಲ್ಪ ಉಳಿದರೂ ಔಷಧಿಯ ಅಣುವಿನಲ್ಲಿ ಲುಟೇಶಿಯಂನ ಜಾಗ ಕಬಳಿಸುತ್ತದೆ.

ಆಲ್ಫಾ-ಎಚ್‌ಐಬಿ ಕಾಲಂನಲ್ಲಿ ಲುಟೇಶಿಯಂ ಮೊದಲು ಇಳಿಯುತ್ತದೆ ಎನ್ನುವುದು ಇಲ್ಲಿ ದೊಡ್ಡ ಅನುಕೂಲ. ದೊಡ್ಡ ರಾಶಿಯ ಬಾಲದಲ್ಲಿ ಸಿಕ್ಕಿಕೊಳ್ಳದೆ ಸಣ್ಣ ಪಾಲು ಮುಂದೆಯೇ ಬಂದುಬಿಡುತ್ತದೆ. ಗಡಿಯ ಹನಿಗಳನ್ನು ಇನ್ನೊಂದು ಕಾಲಂಗೆ ಹಾಕಿ ಮತ್ತೆ ಶುದ್ಧ ಮಾಡುತ್ತಾರೆ. ಬೇರೆ ಬಗೆಯ ರೆಸಿನ್‌ಗಳಲ್ಲಿ ಕ್ರಮ ತಿರುವುಮುರುವಾಗುತ್ತದೆ, ಅಲ್ಲಿ ಲುಟೇಶಿಯಂ ಆಮೇಲೆ ಬರುತ್ತದೆ. ತಯಾರಕರು ತಮ್ಮ ಪ್ರಮಾಣ ನೋಡಿ ಆರಿಸಿಕೊಳ್ಳುತ್ತಾರೆ. ಹಿಂದೆ ಉಳಿದ ಇಟರ್ಬಿಯಂ-176 ತುಂಬ ದುಬಾರಿ, ಅದನ್ನು ಕಾಲಂನಿಂದ ತೊಳೆದು ತೆಗೆದು ಮತ್ತೆ ರಿಯಾಕ್ಟರಿಗೆ ಕಳಿಸುತ್ತಾರೆ.